ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಹಂಪೆಯ ಭಾಷ್ಯ

ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯಲ್ಲಿ ವಿದ್ಯಾರಣ್ಯರ ಮೆರವಣಿಗೆಯ ಚಿತ್ರವಿದೆ. ಹೊಸಪೇಟೆಯಿಂದ ಬಸ್ಸಿನಲ್ಲಿ ಬಂದವರು ಕತ್ತೆತ್ತಿ ಪಲ್ಲಕ್ಕಿಯನ್ನು ನೋಡುತ್ತಾರೆ, ಮುಂದೆ ಗರ್ಭಗುಡಿಗೆ ನಡೆಯುತ್ತಾರೆ. ಆ ಹೆಸರಿನೊಡನೆ ಬೆಸೆದುಕೊಂಡ ಗ್ರಂಥರಾಶಿ ಇಲ್ಲಿನ ಕಲ್ಲುಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ವಿಜಯನಗರ ಕಟ್ಟಿದ್ದರಲ್ಲಿ ಬಹುಪಾಲು ಬಿದ್ದುಹೋಯಿತು. ಅದು ಬರೆಸಿದ ವೇದಭಾಷ್ಯ ಮಾತ್ರ ಹೆಚ್ಚುಕಡಿಮೆ ಇಡಿಯಾಗಿ ಉಳಿಯಿತು. ಹಂಪೆಯ ಬಗ್ಗೆ ಮಾತಾಡುವಾಗ ನಾವು ಈ ಉಳಿದದ್ದನ್ನೇ ಮರೆಯುತ್ತೇವೆ ಎಂಬುದು ನನ್ನ ಕೊರಗು.

ತುಂಗಭದ್ರೆಯ ದಂಡೆಯ ಕಂಪಿಲಿ ರಾಜ್ಯ 1327ರ ಸುಮಾರಿಗೆ ಬಿತ್ತು. ಅರ್ಧ ಶತಮಾನ ತುಂಬುವುದರೊಳಗೆ ಅದೇ ದಂಡೆಯಲ್ಲಿ ವಿಜಯನಗರದ ದೊರೆ ಬುಕ್ಕರಾಯ ವೇದಗಳ ಅರ್ಥವನ್ನು ಬರೆಸಲು ಹೊರಟಿದ್ದ. ಅವನು ಮೊದಲು ಕೇಳಿದ್ದು ಪರಂಪರೆ ವಿದ್ಯಾರಣ್ಯರೆಂದು ಗುರುತಿಸುವ ಮಾಧವಾಚಾರ್ಯರನ್ನು. ಕೆಲಸ ಬಂದು ನಿಂತದ್ದು ಅವರ ತಮ್ಮ ಸಾಯಣರ ಕೈಗೆ. ಮಾಯಣ, ಶ್ರೀಮತಿಯರ ಮಗನಾದ ಸಾಯಣರು ಮಠದವರಲ್ಲ, ಮಂತ್ರಿ. ಉದಯಗಿರಿಯ ಕಂಪಣ, ಇಮ್ಮಡಿ ಸಂಗಮ, ಬುಕ್ಕ, ಇಮ್ಮಡಿ ಹರಿಹರ ಹೀಗೆ ನಾಲ್ವರ ಬಳಿ ಆಡಳಿತ ನೋಡಿಕೊಂಡವರು. ಅಂಥವರೊಬ್ಬರು ಇಷ್ಟು ಸಂಹಿತೆ, ಬ್ರಾಹ್ಮಣಗಳಿಗೆ ಒಬ್ಬರೇ ಕೂತು ಭಾಷ್ಯ ಬರೆದಿರಬಹುದೆ? ಇದಕ್ಕೆ ಉತ್ತರದ ಎಳೆಯೊಂದು 1386ರ ತಾಮ್ರಶಾಸನದಲ್ಲಿ ಸಿಗುತ್ತದೆ. ನಾರಾಯಣ ವಾಜಪೇಯಯಾಜಿ, ನರಹರಿ ಸೋಮಯಾಜಿ, ಪಂಢರಿ ದೀಕ್ಷಿತ ಎಂಬ ಮೂವರು ಚತುರ್ವೇದ ಭಾಷ್ಯದ ಪ್ರವರ್ತಕರೆಂದು ಇಮ್ಮಡಿ ಹರಿಹರ ವಿದ್ಯಾರಣ್ಯ ಶ್ರೀಪಾದರ ಸಮ್ಮುಖದಲ್ಲಿ ದತ್ತಿ ಕೊಟ್ಟ ದಾಖಲೆ ಅದು. ಹಾಗಾಗಿ ಸಾಯಣಭಾಷ್ಯವನ್ನು ಒಬ್ಬ ಪಂಡಿತನ ಕೃತಿ ಎನ್ನುವುದಕ್ಕಿಂತ ಒಂದು ಪಂಡಿತ ಮಂಡಳಿಯ ಕಮ್ಮಟ ಎಂದು ಓದುವುದೇ ಸರಿ.

ಹಾಗೆ ಓದಿದರೆ ಅದರ ಗುಣದೋಷಗಳು ಎರಡೂ ತಿಳಿಯಾಗುತ್ತವೆ. ಋಗ್ವೇದದ ಮೊದಲ ಅಷ್ಟಕದಲ್ಲಿ ಪದಪದಕ್ಕೂ ವ್ಯುತ್ಪತ್ತಿ, ಸ್ವರ, ಪಾಣಿನಿಯ ಸೂತ್ರ ಹರವಿಕೊಂಡಿದೆ. ಮುಂದೆ ವಿವರಣೆ ಮಿತವಾಗುತ್ತದೆ. ಒಂದೇ ಶಬ್ದಕ್ಕೆ ಬೇರೆ ಬೇರೆ ಸೂಕ್ತಗಳಲ್ಲಿ ಬೇರೆ ಬೇರೆ ಅರ್ಥ ಬರುತ್ತದೆ, ಅವುಗಳನ್ನು ಹೊಂದಿಸುವ ಪ್ರಯತ್ನವಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಯಜ್ಞದ ಕಡೆಗಿನ ಎಳೆತ. ಸಾಯಣರು ಋಗ್ವೇದವನ್ನು ಮೊದಲು ಮುಟ್ಟಲಿಲ್ಲ; ಯಜ್ಞದಲ್ಲಿ ಅಧ್ವರ್ಯುವಿನ ಕೆಲಸವೇ ಮುಖ್ಯವೆಂದು ಯಜುರ್ವೇದದಿಂದ ಆರಂಭಿಸಿದರು, ಆ ಕಾರಣವನ್ನು ಋಗ್ಭಾಷ್ಯದ ಉಪೋದ್ಘಾತದಲ್ಲಿ ತಾವೇ ಹೇಳಿದರು. ಉಷೆಯನ್ನು ಕಂಡು ಬೆರಗಾದ ಋಷಿಯ ಮಾತು ಕೂಡ ಈ ದಾರಿಯಲ್ಲಿ ಹವಿಸ್ಸಿನ ಲೆಕ್ಕಕ್ಕೆ ಬಂದುಬಿಡುತ್ತದೆ. ಕಾವ್ಯ ಓದುವವನಾಗಿ ನನಗೆ ಇಲ್ಲಿ ನಿಜವಾಗಿ ಸಂಕಟವಾಗುತ್ತದೆ.

ಆದರೆ ನಾಲ್ಕನೆಯ ಮಂಡಲದ ಕೊನೆಯ ಸೂಕ್ತಕ್ಕೆ ಬನ್ನಿ. ಅಲ್ಲಿನ ನಾಲ್ಕು ಕೊಂಬಿನ ವೃಷಭವನ್ನು ಭಾಷ್ಯ ಯಜ್ಞವೆಂದೂ ವಿವರಿಸುತ್ತದೆ, ಸೂರ್ಯನೆಂದೂ ವಿವರಿಸುತ್ತದೆ, ಶಾಬ್ದಿಕರು ಬೇರೆ ಬಗೆಯಾಗಿ ಹೇಳುವರೆಂದೂ ಸೂಚಿಸುತ್ತದೆ. ಅರ್ಥವನ್ನು ಮುಚ್ಚಿಡುವವರು ಮಾಡುವ ಕೆಲಸವಲ್ಲ ಇದು. ತಮಗೆ ಒಪ್ಪಿಗೆಯಾದದ್ದರ ಪಕ್ಕದಲ್ಲೇ ಇನ್ನೊಬ್ಬರ ಮಾತಿಗೂ ಜಾಗ ಬಿಡುವ ಪ್ರಾಮಾಣಿಕತೆ ಈ ಮಂಡಳಿಯ ಹಿರಿಮೆ.

ಗ್ರೀಕರಲ್ಲಿ ಇದಕ್ಕೆ ಹತ್ತಿರದ ಉದಾಹರಣೆ 12ನೆಯ ಶತಮಾನದ ಯುಸ್ಟಾಥಿಯಸ್. ಥೆಸಲೊನಿಕದ ಈ ಆರ್ಚ್‌ಬಿಷಪ್ ಹೋಮರನಿಗೆ ಬರೆದ ವ್ಯಾಖ್ಯಾನ 1542ರಿಂದ 1550ರವರೆಗೆ ರೋಮಿನಲ್ಲಿ ನಾಲ್ಕು ಸಂಪುಟಗಳಾಗಿ ಅಚ್ಚಾಯಿತು. ಕಳೆದುಹೋದ ಎಷ್ಟೋ ಹಳೆಯ ವ್ಯಾಖ್ಯಾನಗಳ ತುಣುಕು ಅದರಲ್ಲಿ ಉಳಿದಿದೆ. ಸಾಯಣರೂ ಯಾಸ್ಕನನ್ನು, ಬ್ರಾಹ್ಮಣಗಳನ್ನು, ಬೃಹದ್ದೇವತೆಯನ್ನು ಕರೆದು ಕೂರಿಸಿಕೊಂಡವರೇ. 20ನೆಯ ಶತಮಾನದಲ್ಲಿ ಸ್ಕಂದಸ್ವಾಮಿ, ವೆಂಕಟಮಾಧವರ ಭಾಷ್ಯಗಳು ಮುದ್ರಣಗೊಂಡ ಮೇಲಂತೂ ಅವರು ಹಿಂದಿನವರಿಂದ ಎಷ್ಟು ಪಡೆದರೆಂಬುದು ಸ್ಪಷ್ಟವಾಯಿತು. ನನ್ನ ಕಣ್ಣಿಗೆ ಇದು ಕುಂದಲ್ಲ. ಭಾಷ್ಯವೆಂದರೆ ದಾಟಿಸುವುದು.

ಋಗ್ಭಾಷ್ಯ ಅಚ್ಚಿಗೆ ಹೋದ ಕಥೆ ಬೇರೆಯದೇ. ಪ್ಯಾರಿಸಿನಲ್ಲಿ ಬ್ಯೂರ್ನೂಫರ ಶಿಷ್ಯನಾಗಿದ್ದ ಮ್ಯಾಕ್ಸ್ ಮುಲ್ಲರ್ 1846ರಲ್ಲಿ ಹಸ್ತಪ್ರತಿಗಳಿಗಾಗಿ ಇಂಗ್ಲೆಂಡಿಗೆ ಬಂದರು. ಈಸ್ಟ್ ಇಂಡಿಯಾ ಕಂಪನಿ ಖರ್ಚು ಹೊತ್ತುಕೊಂಡಿತು. ಆಕ್ಸ್‌ಫರ್ಡಿನಲ್ಲಿ ಅಚ್ಚಾಗಿ 1849ರಲ್ಲಿ ಮೊದಲ ಸಂಪುಟ ಬಂತು, 1874ರಲ್ಲಿ ಆರನೆಯದು. ಕೈಗೆ ಸಿಕ್ಕ ಪ್ರತಿಗಳನ್ನು ಅವರು ಮೂರು ವರ್ಗ ಮಾಡಿ, ಹೋಲಿಸಿ ಪಾಠ ನಿರ್ಣಯಿಸಿದರು. ಭಾರತಕ್ಕೆ ಒಮ್ಮೆಯೂ ಬಾರದವರ ಈ 25 ವರ್ಷಗಳ ದುಡಿಮೆಗೆ ನಾನು ತಲೆಬಾಗುತ್ತೇನೆ. ನಾಲ್ಕು ಸಂಪುಟಗಳ ಎರಡನೆಯ ಆವೃತ್ತಿ 1890ರಿಂದ 1892ರೊಳಗೆ ಬಂದಾಗ ಮುಖಪುಟದಲ್ಲಿ ವಿಜಯನಗರದ ಮಹಾರಾಜರ ಹೆಸರಿತ್ತು. ನಮ್ಮೂರಿನ ಓದುಗ ಅದನ್ನು ಕಂಡು ಪುಲಕಗೊಳ್ಳಬಹುದು. ಅದು ಆಂಧ್ರದ ವಿಜಯನಗರಂ, ದೊರೆ ಆನಂದ ಗಜಪತಿ.

ಅಚ್ಚಾದೊಡನೆ ಜಗಳ ಶುರುವಾಯಿತು. ಎಚ್. ಎಚ್. ವಿಲ್ಸನ್ ಸಾಯಣರ ಬೆರಳು ಹಿಡಿದೇ ಇಂಗ್ಲಿಷಿಗೆ ಅನುವಾದಿಸಿದರು. ರುಡಾಲ್ಫ್ ರೋಟ್ ಆ ಬೆರಳನ್ನೇ ಬಿಡಿಸಿಕೊಂಡರು: ಸೂಕ್ತಗಳಾಗಿ ಎಷ್ಟೋ ಶತಮಾನ ಕಳೆದ ಮೇಲೆ ಬರೆದವನ ಸಾಕ್ಷ್ಯ ಬೇಡ, ವೇದದಿಂದಲೇ ವೇದವನ್ನು ತಿಳಿಯಬೇಕು ಎಂದರು. ಪಿಶೆಲ್ ಮತ್ತು ಗೆಲ್ಡ್‌ನರ್ 1889ರಿಂದ ಭಾರತೀಯ ಪರಂಪರೆಯ ತೂಕವನ್ನು ಮರಳಿ ಎತ್ತಿಹಿಡಿದರು. ಇತ್ತ ದಯಾನಂದರೂ ಅರವಿಂದರೂ ಸಾಯಣರನ್ನು ಒಪ್ಪಲಿಲ್ಲ. ಈ ವಾದಗಳಲ್ಲೆಲ್ಲ ಸಾಯಣ ಒಬ್ಬನೇ ವ್ಯಕ್ತಿ, ಒಂದೇ ದನಿ. ಅಚ್ಚಿನ ಪುಸ್ತಕ ಕೊಟ್ಟ ರೂಪವದು. ಹಲವು ಕೈಗಳ ಕೆಲಸವೆಂದು ನೆನಪಿದ್ದಿದ್ದರೆ ರೋಟ್ ಎತ್ತಿ ತೋರಿಸಿದ ವಿರೋಧಗಳಲ್ಲಿ ಕೆಲವಕ್ಕಾದರೂ ಕಾರಣ ತಿಳಿಯುತ್ತಿತ್ತು.

ಇನ್ನು ಕನ್ನಡದ ಕಡೆಗೆ ಬಂದರೆ, ಬುಕ್ಕನ ಕಾಲದಲ್ಲೇ, 1369ರಲ್ಲಿ, ಭೀಮಕವಿ ಬಸವಪುರಾಣ ಮುಗಿಸಿದ್ದ. ಮಂಗಳೂರಿನಲ್ಲಿ ಮೋಗ್ಲಿಂಗ್ 1848ರಲ್ಲಿ ತೊಡಗಿದ ಗ್ರಂಥಮಾಲೆಯಲ್ಲಿ ಅದು ಅಚ್ಚಾಯಿತು. ಭಾಷ್ಯವು ಕನ್ನಡಕ್ಕೆ ಬರಲು ಇನ್ನೂ ಒಂದು ಶತಮಾನದಷ್ಟು ಕಾಲ ಬೇಕಾಯಿತು. ಜಯಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಮೈಸೂರಿನಿಂದ ಸಂಪುಟ ಸಂಪುಟವಾಗಿ ಹೊರಬಂತು. ಕಮಲಾಪುರದ ಹೊರಗೆ ಕನ್ನಡ ವಿಶ್ವವಿದ್ಯಾಲಯ ನಿಂತಿರುವ ಜಾಗದ ಹೆಸರು ವಿದ್ಯಾರಣ್ಯ. ಇಲ್ಲಿಂದಲೇ ಹೊಸದೊಂದು ಆವೃತ್ತಿ ಬರಲಿ ಎಂದು ನಾನು ಬಯಸುತ್ತೇನೆ. ಅದರ ಮೊದಲ ಪುಟದಲ್ಲಿ ಸಾಯಣರ ಹೆಸರಿನ ಕೆಳಗೆ, ಆಕ್ಸ್‌ಫರ್ಡಿನ ಮುಖಪುಟದಲ್ಲಿ ಜಾಗ ಸಿಗದ ಆ ಮೂವರ ಹೆಸರುಗಳೂ ಇರಬೇಕು: ನಾರಾಯಣ, ನರಹರಿ, ಪಂಢರಿ.