ರಥ ಕಂಡಿತು, ಅಕ್ಷರ ಕಾಣಲಿಲ್ಲ

ಪ್ರಾಚೀನ ಗ್ರೀಕ್, ರೋಮನ್ ನಾಣ್ಯಗಳಲ್ಲಿ ರಥದ ಚಿತ್ರ ಇರುವುದನ್ನಷ್ಟೇ ಹುಡುಕಿ ಕೂಡಿಡುವ ಸಂಗ್ರಾಹಕರಿದ್ದಾರೆ. ಅವರಲ್ಲಿ ಹೆಚ್ಚಿನವರ ಕನಸು ಸಿಸಿಲಿಯ ಸಿರಾಕ್ಯೂಸ್ ನಗರದ ದಶದ್ರಾಖ್ಮ. ಸುಮಾರು 43 ಗ್ರಾಂ ಬೆಳ್ಳಿ, ನಾಗಾಲೋಟದ ನಾಲ್ಕು ಕುದುರೆ, ಸಾರಥಿಗೆ ಕಿರೀಟ ತೊಡಿಸಲು ಹಾರಿ ಬರುವ ವಿಜಯದೇವತೆ ನೈಕಿ. ಚೆಂದವೇನೋ ಹೌದು. ನನ್ನ ತಕರಾರು ಇರುವುದು ಅದನ್ನು ಓದುವ ರೀತಿಯ ಬಗ್ಗೆ.

ರಥದ ಕೆಳಗೊಂದು ಗೆರೆ. ಅದರ ಕೆಳಗೆ ಕವಚ, ಗುರಾಣಿ, ಶಿರಸ್ತ್ರಾಣ. ಜೊತೆಗೆ ಗ್ರೀಕ್ ಲಿಪಿಯ ನಾಲ್ಕೇ ನಾಲ್ಕು ಅಕ್ಷರ: 'ಆಥ್ಲಾ', ಅಂದರೆ ಬಹುಮಾನಗಳು. ಯಾವ ಪಂದ್ಯ, ಯಾವ ವರ್ಷ ಅಂತ ನಾಣ್ಯ ಹೇಳುವುದಿಲ್ಲ. 1890ರ ದಶಕದಲ್ಲಿ ಆರ್ಥರ್ ಇವಾನ್ಸ್ ಇದನ್ನು ಕ್ರಿ.ಪೂ. 413ರಲ್ಲಿ ಅಥೆನ್ಸ್ ಸೇನೆ ಸೋತದ್ದಕ್ಕೂ, ಆ ಗೆಲುವಿನ ನೆನಪಿನ ಹಬ್ಬಕ್ಕೂ ಜೋಡಿಸಿದರು. ಈಗಿನ ವಿದ್ವಾಂಸರಲ್ಲಿ ಹಲವರು ಈ ನಾಣ್ಯಗಳನ್ನು ಕ್ರಿ.ಪೂ. 405ರ ನಂತರದ, ಡಯೊನೀಸಿಯಸನ ಕಾಲಕ್ಕೆ ಸೇರಿಸುತ್ತಾರೆ. ಕಥೆ ಮಾತ್ರ ಇನ್ನೂ ಓಡುತ್ತಲೇ ಇದೆ. ಎಷ್ಟೋ ಪ್ರತಿಗಳಲ್ಲಿ ಅಚ್ಚು ಓರೆಯಾಗಿ ಬಿದ್ದು ಆ ನಾಲ್ಕು ಅಕ್ಷರವೂ ನಾಣ್ಯದ ಅಂಚಿನಾಚೆ ಹೋಗಿದೆ. ಶಾಸನದಲ್ಲಿ ಅಳಿದ ಅಕ್ಷರವನ್ನು ನಾವು ಊಹಿಸಿ ತುಂಬಿದರೆ ಚೌಕ ಆವರಣದೊಳಗೆ ಹಾಕ್ತೀವಿ. ನಾಣ್ಯದ ಕಥೆಗೆ ಆ ಆವರಣ ಯಾಕಿಲ್ಲ?

ಇದಕ್ಕಿಂತ ಹಳೆಯ ಇನ್ನೊಂದು ದಶದ್ರಾಖ್ಮದ ಗತಿಯೂ ಹೀಗೇ ಆಯಿತು. ಅದರ ಮೇಲಿರುವುದು 'ಸಿರಾಕ್ಯೂಸಿನವರದು' ಎಂಬ ಬರಹ ಅಷ್ಟೆ. ಆದರೆ ದೊರೆ ಗೆಲೋನನ ಹೆಂಡತಿ ದಮರೆತೆಯ ಹೆಸರಿನ ನಾಣ್ಯವೊಂದಿತ್ತು ಅಂತ ಡಯೋಡೋರಸ್ ಬರೆದಿದ್ದಾನೆ. ಅದು ಇದೇ ಎಂದುಕೊಂಡು ಬಹುಕಾಲ ಕ್ರಿ.ಪೂ. 480-79ರ ಕಾಲ ಕೊಟ್ಟರು. ಅಚ್ಚುಗಳ ಅನುಕ್ರಮವನ್ನೂ, ನೆಲದಲ್ಲಿ ಹೂತಿಟ್ಟಿದ್ದ ನಿಧಿಗಳನ್ನೂ ಪರಿಶೀಲಿಸಿದ ಮೇಲೆ ಅದು 460ರ ದಶಕಕ್ಕೆ ಇಳಿಯಿತು.

ಅಂದರೆ ತಪ್ಪನ್ನು ತಿದ್ದಲು ನೆರವಾದದ್ದು ಯಾವ ನಾಣ್ಯದ ಜೊತೆ ಯಾವುದು ಸಿಕ್ಕಿತು ಎಂಬ ಲೆಕ್ಕ. ರಥದ ನಾಣ್ಯವೊಂದನ್ನೇ ಆರಿಸಿ, ಉಳಿದದ್ದನ್ನು ಚದುರಿಸಿ, ಸಿಕ್ಕ ಜಾಗ ಹೇಳದೆ ಮಾರಿದರೆ ನಾಶವಾಗುವುದು ಇದೇ ಲೆಕ್ಕ. ನಿಧಿ ಒಮ್ಮೆ ಚದುರಿತೆಂದರೆ ಅದನ್ನು ಮತ್ತೆ ಕೂಡಿಸುವುದು ಬಲು ಕಷ್ಟ. ಕಲ್ಲಿನ ಶಾಸನವನ್ನು ಊರಿನಿಂದ ಕಿತ್ತು ತಂದು, ಊರಿನ ಹೆಸರು ಮರೆತ ಹಾಗೆ.

ಸಂಗ್ರಹ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ: ಎಲ್ಲಿ ಸಿಕ್ಕಿತು? ಏನಿನ ಜೊತೆ ಸಿಕ್ಕಿತು? ಉತ್ತರ ಇಲ್ಲದಿದ್ದರೆ ನಿಮ್ಮ ಕೈಗೆ ಬರುವುದು ಚೆಂದದ ಬೆಳ್ಳಿ. ಇತಿಹಾಸದ ಅರ್ಧ ಪಾಲು ಹೊರಗೇ ಉಳಿದಿರುತ್ತದೆ.