ಅಂಚೆಗೆ ಬೀಳದ ಪತ್ರಗಳು

ಮೌಲಾನಾ ಅಬುಲ್ ಕಲಾಂ ಆಜಾದ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಪಠ್ಯಪುಸ್ತಕದ ಒಂದು ಚಿತ್ರ. ಚೂಪು ಗಡ್ಡ, ಎತ್ತರದ ಟೋಪಿ, ಕೆಳಗೆ 'ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿ' ಎಂಬ ಒಂದು ಸಾಲು. ಆ ಚಿತ್ರದ ಹಿಂದೆ ಒಬ್ಬ ಪಂಡಿತನೂ ಒಬ್ಬ ಸೆರೆಯಾಳೂ ಇದ್ದಾರೆ. ಅವರನ್ನು ಕಾಣಬೇಕಾದರೆ ಆಜಾದರ ಎರಡು ಬರಹಗಳನ್ನು ಜೊತೆಗಿಟ್ಟು ಓದಬೇಕು. ಒಂದು, 1922ರಲ್ಲಿ ಕಲಕತ್ತೆಯ ನ್ಯಾಯಾಲಯಕ್ಕೆ ಅವರು ಕೊಟ್ಟ ಲಿಖಿತ ಹೇಳಿಕೆ 'ಕೌಲ್-ಎ-ಫೈಸಲ್'. ಇನ್ನೊಂದು, 1942ರಲ್ಲಿ ಸೆರೆಯಾದ ಮೇಲೆ ಅಹಮದನಗರದ ಕೋಟೆಯಲ್ಲಿ ಬರೆದ ಪತ್ರಗಳ ಸಂಗ್ರಹ 'ಘುಬಾರ್-ಎ-ಖಾತಿರ್', ಎಂದರೆ ಮನಸ್ಸಿನ ಧೂಳು. ಮೊದಲನೆಯದು ಹೆಚ್ಚು ಪ್ರಸಿದ್ಧವಾದ ಧೈರ್ಯದ ಮಾತು. ಆದರೆ ಎರಡನೆಯದೇ ದೊಡ್ಡ ಕೃತಿ, ಅದೂ ಅದರಲ್ಲಿರುವ ಒಂದು ಸಣ್ಣ ಪತ್ರದಿಂದಾಗಿ, ಎಂಬುದು ನನ್ನ ಅಭಿಪ್ರಾಯ.

ಆಜಾದರು ಹುಟ್ಟಿದ್ದು 1888ರಲ್ಲಿ, ಮಕ್ಕಾದಲ್ಲಿ. ತಂದೆ ಕಲಕತ್ತೆಯಲ್ಲಿ ನೂರಾರು ಶಿಷ್ಯರಿದ್ದ ಪೀರರು. ಮಗನಿಗೆ ಆ ಗದ್ದುಗೆ ಸಿದ್ಧವಾಗಿತ್ತು; ಮಗ ಅದನ್ನು ಬೇಡವೆಂದ. ಹಿರಿಯರು ಹೇಳಿದರೆಂಬ ಒಂದೇ ಕಾರಣಕ್ಕೆ ನಂಬುವುದು ನಂಬಿಕೆಯೇ ಅಲ್ಲ ಎಂಬ ಮುಳ್ಳು ತಮ್ಮನ್ನು ಎಳೆಯ ವಯಸ್ಸಿನಲ್ಲೇ ಚುಚ್ಚಿತೆಂದು ಅವರು ಈ ಪತ್ರಗಳಲ್ಲಿ ಹೇಳಿಕೊಂಡಿದ್ದಾರೆ. 'ಆಜಾದ್', ಅಂದರೆ ಸ್ವತಂತ್ರ, ಎಂಬ ಕಾವ್ಯನಾಮದಲ್ಲೇ ಆ ಬಂಡಾಯವಿದೆ. ಸರಕಾರದೊಂದಿಗಿನ ಜಗಳ ಆಮೇಲಿನದು. 1912ರಲ್ಲಿ ಹೊರಡಿಸಿದ 'ಅಲ್-ಹಿಲಾಲ್' ಪತ್ರಿಕೆ 1914ರಲ್ಲಿ ನಿಂತಿತು. 1916ರಲ್ಲಿ ಅವರನ್ನು ಬಂಗಾಳದಿಂದ ಹೊರಹಾಕಿ, 1919ರ ಕೊನೆಯವರೆಗೆ ರಾಂಚಿಯಲ್ಲಿ ನಿರ್ಬಂಧದಲ್ಲಿಟ್ಟರು. ಕುರಾನಿನ ಅನುವಾದ ಮತ್ತು ವ್ಯಾಖ್ಯಾನಕ್ಕಾಗಿ ಬರೆದಿಟ್ಟ ಹಸ್ತಪ್ರತಿ ಪೊಲೀಸರ ಶೋಧಗಳಲ್ಲಿ ಹಾಳಾಯಿತು. ಮತ್ತೆ ಕುಳಿತು ಬರೆದರು. ಎರಡು ಸಂಪುಟಗಳು ಹೊರಬಂದವು. ಕೃತಿ ಪೂರ್ಣವಾಗಲೇ ಇಲ್ಲ. ಒಬ್ಬ ಪಂಡಿತನಿಗೆ ಸೆರೆಮನೆ ವಿಧಿಸುವ ನಿಜವಾದ ದಂಡ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

1921ರ ಡಿಸೆಂಬರಿನಲ್ಲಿ ಮತ್ತೆ ಬಂಧನ, ರಾಜದ್ರೋಹದ ಆರೋಪ. 'ಕೌಲ್-ಎ-ಫೈಸಲ್' ಆ ಮೊಕದ್ದಮೆಯ ಹೇಳಿಕೆ. ತಪ್ಪು ಮಾಡಿಲ್ಲವೆಂದು ವಾದಿಸುವ ಬದಲು, ಈ ಸರಕಾರ ಅನ್ಯಾಯದ್ದೆಂದು ಹೇಳುವುದೇ ಅಪರಾಧವಾದರೆ ತಾನು ಅಪರಾಧಿಯೆಂದು ಅದು ಸಾರುತ್ತದೆ. ರಣರಂಗವನ್ನು ಬಿಟ್ಟರೆ ಜಗತ್ತಿನ ದೊಡ್ಡ ಅನ್ಯಾಯಗಳು ನಡೆದಿರುವುದು ನ್ಯಾಯಾಲಯಗಳಲ್ಲೇ ಎನ್ನುತ್ತ ಸಾಕ್ರೆಟೀಸನನ್ನೂ ಏಸುವನ್ನೂ ನೆನೆಯುತ್ತದೆ. ಗಾಂಧೀಜಿ ಇದನ್ನು ಬಹಳ ಮೆಚ್ಚಿದರು. ಇಂದು ಓದಿದರೂ ಮೈ ಬಿಸಿಯಾಗುತ್ತದೆ. ಆದರೂ ಅದು ವೇದಿಕೆಯ ಗದ್ಯ. ಮಾತನಾಡುವವನಿಗೆ ತನ್ನ ಮುಂದೆ ಇಡೀ ದೇಶ ಕುಳಿತಿದೆಯೆಂದು ಗೊತ್ತಿದೆ.

ಇಪ್ಪತ್ತು ವರ್ಷಗಳ ಮೇಲೆ ಆ ಸಭೆ ಇಲ್ಲವಾಯಿತು. 1942ರ ಆಗಸ್ಟ್ 9ರ ಬೆಳಗಿನ ಜಾವ, 'ಭಾರತ ಬಿಟ್ಟು ತೊಲಗಿ' ನಿರ್ಣಯದ ಮರುದಿನವೇ, ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಆಜಾದರನ್ನೂ ಸಂಗಡಿಗರನ್ನೂ ಹಿಡಿದು ರೈಲಿಗೆ ಹತ್ತಿಸಿದರು. ಗಾಂಧೀಜಿಯನ್ನು ಪುಣೆಯಲ್ಲಿ ಇಳಿಸಿಕೊಂಡರು. ನೆಹರೂ, ಪಟೇಲ್, ಕೃಪಲಾನಿ, ಆಜಾದ್ ಮುಂತಾದವರು ಅಹಮದನಗರಕ್ಕೆ ಹೋದರು. ಈಗ ಅಹಿಲ್ಯಾನಗರವೆನ್ನಿಸಿಕೊಳ್ಳುವ ಆ ಊರು ಪುಣೆಯಿಂದ ಸುಮಾರು 120 ಕಿಲೋಮೀಟರು. ನಮ್ಮಲ್ಲಿ ಹಲವರು ಶಿರಡಿಗೆ ಹೋಗುವಾಗ ಅದನ್ನು ಹಾದು ಹೋಗಿರುತ್ತೇವೆ. ನೆಹರೂ ಅಲ್ಲಿ 'ಡಿಸ್ಕವರಿ ಆಫ್ ಇಂಡಿಯಾ' ಬರೆದರು. ಆಜಾದರು ಗೆಳೆಯ ಹಬೀಬುರ್ ರಹಮಾನ್ ಖಾನ್ ಶೇರ್ವಾನಿಯವರಿಗೆ ಪತ್ರ ಬರೆಯತೊಡಗಿದರು. ಅವನ್ನು ಕಳಿಸುವಂತಿರಲಿಲ್ಲ. ಬರೆದು ಬರೆದು ಕಡತದಲ್ಲಿಟ್ಟರು; ಬಿಡುಗಡೆಯ ನಂತರ 1946ರಲ್ಲಿ ಅವು ಪುಸ್ತಕವಾದವು.

ಈ ಪತ್ರಗಳಲ್ಲಿ ರಾಜಕೀಯ ಹುಡುಕಿದವರಿಗೆ ನಿರಾಶೆಯಾದೀತು. ಮೂರು-ನಾಲ್ಕು ಗಂಟೆಗೆ ಎದ್ದು ತಾವೇ ಚಹಾ ಮಾಡಿಕೊಳ್ಳುವ ಸಂಭ್ರಮ ಇಲ್ಲಿದೆ. ಅದೂ ಮಲ್ಲಿಗೆಯ ಕಂಪಿನ ಚೀನಾ ಚಹಾ. ಹಾಲು ಬೆರೆಸಿದ್ದನ್ನು ಅವರು ಚಹಾ ಎಂದು ಒಪ್ಪಲೊಲ್ಲರು. (ನಮ್ಮ ಮನೆಗಳ ಫಿಲ್ಟರ್ ಕಾಫಿಗೆ ಏನೆನ್ನುತ್ತಿದ್ದರೋ!) ಜೈಲಿನ ಅಧಿಕಾರಿಗೆ, ಚಾಂದಬೀಬಿಯ ಕಾಲದ ಕೋಟೆಯ ಇತಿಹಾಸದಿಂದ ಹೆಕ್ಕಿ, 'ಚೀತಾ ಖಾನ್' ಎಂಬ ಅಡ್ಡಹೆಸರಿಡುವ ತುಂಟತನವಿದೆ. ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಿಗಳ ಮೇಲೆ ಯುದ್ಧ ಸಾರಿ, ಸೋತು, ಅಕ್ಕಿಕಾಳು ಚೆಲ್ಲಿ ಸಂಧಿ ಮಾಡಿಕೊಂಡು, ಕೊನೆಗೆ ಅವಕ್ಕೆ ಮುಲ್ಲಾ, ಸೂಫಿ, ಖಲಂದರ್ ಎಂದು ಹೆಸರಿಡುವ ಕಥೆಯಂತೂ ಮಕ್ಕಳಿಗೂ ಓದಿ ಹೇಳಬಹುದಾದದ್ದು. ಯೌವನದಲ್ಲಿ ತಾಜಮಹಲಿನ ಮುಂದೆ ಬೆಳದಿಂಗಳಲ್ಲಿ ಕುಳಿತು ಸಿತಾರ್ ನುಡಿಸಿದ್ದನ್ನೂ ಈ ಧರ್ಮಪಂಡಿತರು ಮುಚ್ಚಿಡುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಪುಟಪುಟಕ್ಕೂ ಫಾರಸಿ ಪದ್ಯಗಳು ನುಗ್ಗುತ್ತವೆ. ಸಾಹಿತ್ಯ ಅಕಾದೆಮಿಗಾಗಿ ಇದನ್ನು ಸಂಪಾದಿಸಿದ ಮಾಲಿಕ್ ರಾಮ್ ಅವುಗಳ ಮೂಲ ಹುಡುಕಿ ಟಿಪ್ಪಣಿ ಬರೆಯದಿದ್ದರೆ ಉರ್ದು ಬಲ್ಲವರೂ ತಡವರಿಸಬೇಕಿತ್ತು. ತಮ್ಮ ಅಭಿರುಚಿ ಎಲ್ಲರಂತಲ್ಲ ಎಂಬ ಹೆಮ್ಮೆ ಒಮ್ಮೊಮ್ಮೆ ಮಿತಿ ಮೀರುತ್ತದೆ. ಸಮಚಿತ್ತವನ್ನೇ ಒಂದು ಒಡವೆಯಂತೆ ಧರಿಸಿದ್ದಾರೆಂದು ಓದುಗನಿಗೆ ಅನ್ನಿಸತೊಡಗುತ್ತದೆ. ಅಷ್ಟರಲ್ಲಿ 1943ರ ಏಪ್ರಿಲ್ ತಿಂಗಳ ಪತ್ರ ಎದುರಾಗುತ್ತದೆ.

ಕಲಕತ್ತೆಯಲ್ಲಿ ಹೆಂಡತಿ ಜುಲೇಖಾ ಬೇಗಂ ಕಾಯಿಲೆ ಬಿದ್ದಿದ್ದರು. ಸರಕಾರಕ್ಕೆ ಏನಾದರೂ ಹೇಳುವುದಿದ್ದರೆ ತಲುಪಿಸುವೆನೆಂದು ಅಧಿಕಾರಿ ಸೂಚಿಸಿದ. ತಾವು ಏನನ್ನೂ ಕೇಳುವುದಿಲ್ಲವೆಂದರು ಆಜಾದರು. ಏಪ್ರಿಲ್ 9ರಂದು ಆಕೆ ತೀರಿಕೊಂಡರು. 36 ವರ್ಷಗಳ ದಾಂಪತ್ಯ ಮುಗಿಯಿತು.

ಈ ನಿರಾಕರಣೆ ದೃಢತೆಯೋ, ಕಲ್ಲೆದೆಯೋ? ಉತ್ತರ ಕೊಡುವ ಮೊದಲು ಪತ್ರವನ್ನು ನಿಧಾನವಾಗಿ ಓದಬೇಕು. ಆ ದಿನಗಳಲ್ಲಿ ತಮ್ಮ ದಿನಚರಿ ಒಂದಿಷ್ಟೂ ಏರುಪೇರಾಗದಂತೆ ನೋಡಿಕೊಂಡರೆಂದು ಅವರು ಬರೆಯುತ್ತಾರೆ. ಅದರ ಬೆನ್ನಿಗೇ, ಅದೆಲ್ಲ ತೋರಿಕೆಯಾಗಿತ್ತು, ಒಳಗಿನ ಅಭಿಮಾನ ಕಟ್ಟಿದ ವೇಷವಾಗಿತ್ತು ಎಂದು ತಾವೇ ಒಪ್ಪಿಕೊಳ್ಳುತ್ತಾರೆ. ಮುನ್ನೂರು ಪುಟದ ಠೀವಿಯನ್ನು ಹೀಗೆ ತಮ್ಮ ಕೈಯಾರೆ ಕಳಚಿಡುವುದು ಸಣ್ಣ ಮಾತಲ್ಲ.

ಅದಕ್ಕಿಂತ ಕಷ್ಟದ ಒಪ್ಪಿಗೆಯೊಂದಿದೆ. 1916ರಲ್ಲಿ ಮೊದಲ ಸಲ ಅಗಲಬೇಕಾದಾಗ ಆಕೆ ದುಃಖ ತಡೆದುಕೊಳ್ಳಲಾರದೆ ಹೋದಳೆಂದು ತಾವು ಬಹುಕಾಲ ಮುನಿಸಿಕೊಂಡಿದ್ದನ್ನು ಅವರು ನೆನೆಯುತ್ತಾರೆ. ಆಮೇಲೆ ಆಕೆ ಹಾಗೆ ಕಣ್ಣೀರು ತೋರಿಸಲಿಲ್ಲ. 1922ರಲ್ಲಿ ಗಂಡನಿಗೆ ಒಂದು ವರ್ಷದ ಶಿಕ್ಷೆಯಾದಾಗ, ಇದು ನಾವು ಎದುರುನೋಡಿದ್ದಕ್ಕಿಂತ ಕಡಿಮೆಯೇ, ಅವರ ಕೆಲಸವನ್ನು ನಾನು ನಡೆಸಿಕೊಂಡು ಹೋಗುತ್ತೇನೆ ಎಂದು ಗಾಂಧೀಜಿಗೆ ತಿಳಿಸಿದ ಗಟ್ಟಿಗಿತ್ತಿ ಆಕೆ. 1942ರ ಆಗಸ್ಟಿನಲ್ಲಿ ಗಂಡ ಮುಂಬಯಿಗೆ ಹೊರಟಾಗಲೂ ಬಾಗಿಲವರೆಗೆ ಬಂದು 'ಖುದಾ ಹಾಫಿಜ್' ಎಂದಷ್ಟೇ ಹೇಳಿದರು. ಆ ಮುಖದಲ್ಲಿ ಏನಿತ್ತೆಂಬುದು ಗಂಡನಿಗೆ ಅರ್ಥವಾದದ್ದು ಸೆರೆಮನೆಯಲ್ಲಿ, ತಡವಾಗಿ.

ನನ್ನ ಆಕ್ಷೇಪಣೆ ಇರುವುದು ಇಲ್ಲೇ. ಚಹಾಕ್ಕೆ, ಗುಬ್ಬಿಗೆ ಅಷ್ಟೊಂದು ಪುಟಗಳನ್ನು ಕೊಟ್ಟ ಲೇಖನಿ ಈ ಹೆಂಗಸಿಗೆ ಕೊಟ್ಟದ್ದು ಸಾವಿನ ನಂತರದ ಕೆಲವೇ ಪುಟ. ಆದರೆ ಆ ಪುಟಗಳಲ್ಲಿ ಫಾರಸಿಯ ಪಾಂಡಿತ್ಯವೂ ತಗ್ಗಿದ ದನಿಯಲ್ಲಿ ನಡೆಯುತ್ತದೆ. ಕೋಟೆಯ ಅಂಗಳದಲ್ಲಿ ಯಾರದೋ ಹಳೆಯ ಗೋರಿಯೊಂದಿದೆ. ಎಷ್ಟೋ ಸಲ ಕಂಡದ್ದೇ. ಈಗ ಅದರ ಮೇಲೆ ಹೊಸದೊಂದು ಮಮತೆ ಹುಟ್ಟಿದೆ ಎನ್ನುತ್ತಾರೆ. ಕಲಕತ್ತೆಯ ಗೋರಿಗೆ ಹೋಗಲಾರದವನು ಕೈಗೆಟುಕಿದ ಗೋರಿಯ ಬಳಿ ನಿಂತಿದ್ದಾನೆ. ಇದನ್ನು ಬರೆದವನ ಎದೆ ಕಲ್ಲಾಗಿರಲಿಲ್ಲ.

ನ್ಯಾಯಾಧೀಶನ ಮುಂದೆ ತಲೆ ಎತ್ತಿ ನಿಲ್ಲುವುದಕ್ಕೆ ಧೈರ್ಯ ಬೇಕು. ಆ ಧೈರ್ಯಕ್ಕೆ ಮನೆಯಲ್ಲಿ ಬೆಲೆ ತೆತ್ತವರು ಯಾರೆಂದು ಬರೆದಿಡುವುದಕ್ಕೆ ಬೇರೊಂದು ಬಗೆಯ ಧೈರ್ಯ ಬೇಕು. 'ಕೌಲ್-ಎ-ಫೈಸಲ್'ನಲ್ಲಿ ಮೊದಲನೆಯದಿದೆ, 'ಘುಬಾರ್-ಎ-ಖಾತಿರ್'ನಲ್ಲಿ, ತಡವಾಗಿಯಾದರೂ, ಎರಡನೆಯದಿದೆ. ಊರಿನಿಂದ ತಂತಿ ಬಂದರೆ ಒಡೆಯುವ ಮುನ್ನವೇ ಕೈ ನಡುಗುತ್ತಿದ್ದ ಕಾಲವನ್ನು ಕಂಡ ಹಿರಿಯರು ನಮ್ಮ ನಡುವೆ ಇದ್ದಾರೆ. ರೈಲು ಹಿಡಿದು ಹೋದರೂ ಮುಖ ನೋಡಲು ಸಿಗದವರೂ ಇದ್ದಾರೆ. ಅವರು ಈ ಪುಸ್ತಕದ ಇಂಗ್ಲಿಷ್ ಅನುವಾದವನ್ನಾದರೂ ತೆರೆದು ಆ ಒಂದು ಪತ್ರವನ್ನು ಓದಲಿ. ಅಂಚೆಗೆ ಬೀಳದಿದ್ದ ಆ ಕಾಗದ ಅವರ ವಿಳಾಸಕ್ಕೂ ಬಂದು ಸೇರುತ್ತದೆ.