ಸಿಕ್ಕಿದ್ದು ಯಾರಿಗೆ, ಮಾಡಿದ್ದು ಯಾತಕ್ಕೆ? ಭಾರತದ ಎಲೆಕ್ಟ್ರಾನಿಕ್ ಸಂಗೀತದ ಎರಡು ಮರುಶೋಧಗಳು

ನನ್ನ ದನಿ ಕೇಳಸ್ತದಲ್ಲ? ನೆಟ್‌ವರ್ಕ್ ಹೋದರೆ ಚಾಟ್‌ನಲ್ಲಿ ತಿಳಿಸ್ರಿ. ನಾನು ಸೊಲ್ಲಾಪುರದಿಂದ ಮಾತಾಡಾಕತ್ತೀನಿ. ನಮ್ಮ ಊರು ಅಕ್ಕಲಕೋಟೆ ತಾಲ್ಲೂಕಿನಾಗ ಬರ್ತದ. ಇವತ್ತು ಎರಡು ಧ್ವನಿಮುದ್ರಣಗಳ ಬಗ್ಗೆ ಹೇಳಿ, ಕೊನೆಗೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ಚರಣಜಿತ್ ಸಿಂಗ್ 1982ರಲ್ಲಿ ಮಾಡಿದ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ಅವರು ಮುಂಬೈ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದವರು. ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗ ನುಡಿಸಿದರು: ತಾಳಕ್ಕೆ ಟಿಆರ್-808, ಬಾಸ್‌ಗೆ ಟಿಬಿ-303, ರಾಗಕ್ಕೆ ಜುಪಿಟರ್-8. ಆಗ ಅದನ್ನು ಹೆಚ್ಚು ಜನ ಕೇಳಲಿಲ್ಲ. 2002ರಲ್ಲಿ ಡಚ್ ಸಂಗ್ರಾಹಕ ಎಡೊ ಬೌಮನ್ ಅವರಿಗೆ ದೆಹಲಿಯಲ್ಲಿ ಈ ರೆಕಾರ್ಡ್ ಸಿಕ್ಕಿತು. 2010ರಲ್ಲಿ ಅವರೇ ಮರುಬಿಡುಗಡೆ ಮಾಡಿದರು. ಅಲ್ಲಿಂದ ಇದಕ್ಕೊಂದು ಬಿರುದು ಅಂಟಿಕೊಂಡಿತು: ‘ಆಸಿಡ್ ಹೌಸ್‌ಗಿಂತ ಮೊದಲಿನ ಆಸಿಡ್ ಹೌಸ್’. ಷಿಕಾಗೋದ ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ಬಂದದ್ದು 1987ರಲ್ಲಿ.

ಈ ಹೊಗಳಿಕೆಯಲ್ಲೇ ನನ್ನ ತಕರಾರು ಅದ. ಎರಡೂ ಒಂದೇ ಥರ ಕೇಳಿಸೋದಕ್ಕೆ ಕಾರಣ ಒಂದೇ ಯಂತ್ರ. ಟಿಬಿ-303ಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇದೆ. ಗಿಟಾರ್ ವಾದಕರಿಗೆ ಜೊತೆ ಕೊಡಲಿ ಅಂತ ಮಾಡಿದ ಯಂತ್ರ ಅದು. ಮಾರಾಟವಾಗದೆ 1984ಕ್ಕೆ ನಿಂತುಹೋಯಿತು. ಷಿಕಾಗೋದ ಹುಡುಗರಿಗೆ ಅದು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು. ಅವರು ಅದರ ಗುಂಡಿಗಳನ್ನು ತಿರುವುತ್ತಾ ಹೊಸ ನಾದ ಹುಡುಕಿದರು. ಸಿಂಗ್ ಅವರ ಕೈಯಲ್ಲಿ ಅದೇ ಯಂತ್ರ ತಂಬೂರಿಯ ಜಾಗದಲ್ಲಿ ಕೂತಿದೆ. ಅದರ ಜಾರುವಿಕೆ ಮೀಂಡಿನ ನೆನಪು ತರುತ್ತದೆ. ‘ಡಿಸ್ಕೋ ಡ್ಯಾನ್ಸರ್’ ಬಂದ ವರ್ಷ ಅದು. ಊರಿಗೆಲ್ಲ ಡಿಸ್ಕೋ ಹಿಡಿದಿತ್ತು. ಅವರ ಪ್ರಶ್ನೆ ಷಿಕಾಗೋದ್ದಲ್ಲ, ಮುಂಬೈದು: ಈ ಬೀಟಿನ ಮೇಲೆ ರಾಗ ನಿಲ್ತದೋ ಇಲ್ಲೋ?

ಆ ಪ್ರಶ್ನೆ ಇಟ್ಟುಕೊಂಡು ಕೇಳಿದರೆ ಕೃತಿಯ ಬಲವೂ ಮಿತಿಯೂ ಎರಡೂ ಕಾಣುತ್ತವೆ. ಲಯ ಮೊದಲಿನಿಂದ ಕೊನೆಯವರೆಗೂ ಒಂದೇ ವೇಗದಲ್ಲಿ ಓಡುತ್ತದೆ. ವಿಲಂಬಿತದಿಂದ ದ್ರುತಕ್ಕೆ ಬೆಳೆಯುವ ಸುಖ ಇಲ್ಲಿಲ್ಲ, ನಿಧಾನದ ಆಲಾಪಕ್ಕೂ ಜಾಗವಿಲ್ಲ. ಆದರೆ ಆ ಬದಲಾಗದ ಬೀಟಿನ ಮೇಲೆ ಕೈಯಿಂದ ನುಡಿಸಿದ ರಾಗದ ಎಳೆ ತೇಲುವಾಗ, ಯಂತ್ರಕ್ಕೂ ಮನುಷ್ಯನಿಗೂ ನಡುವೆ ಒಂದು ಜಗ್ಗಾಟ ಹುಟ್ಟುತ್ತದೆ. ‘ಮೊದಲು ಮಾಡಿದರು’ ಅನ್ನೋ ಬಿರುದು ಇದನ್ನು ಕೇಳಿಸಿಕೊಳ್ಳಲು ಬಿಡೋದಿಲ್ಲ.

ಎರಡನೆಯದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಟೇಪುಗಳು. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಅಲ್ಲಿ ಮೂಗ್ ಸಿಂಥಸೈಜರ್ ಸ್ಟುಡಿಯೊ ಆಯಿತು. ಗೀತಾ ಸಾರಾಭಾಯ್, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಅಲ್ಲಿ ಕೆಲಸ ಮಾಡಿದರು. ಬ್ರಿಟಿಷ್ ಸಂಗೀತಗಾರ ಪಾಲ್ ಪರ್ಗಾಸ್ ಆ ಟೇಪುಗಳನ್ನು ಸಂಸ್ಥೆಯ ಸಂಗ್ರಹದಲ್ಲೇ ಕಂಡರು. 2023ರಲ್ಲಿ ಆಯ್ದ ಕೃತಿಗಳು ಹೊರಬಂದವು. ಗಮನಿಸಿ, ಟೇಪು ಕಳೆದುಹೋಗಿರಲಿಲ್ಲ. ಇದ್ದಲ್ಲೇ ಇದ್ದವು, ಕೇಳುವವರು ಇರಲಿಲ್ಲ. ಇನ್ನು ಗೀತಾ ಸಾರಾಭಾಯ್ 1946ರಲ್ಲೇ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತ ಕಲಿಸಿ, ಅವರಿಂದ ಪಾಶ್ಚಾತ್ಯ ಸಂಗೀತ ಕಲಿತವರು. ಆ ಕೇಜ್ ಅವರ ಒಡನಾಡಿಯೇ ಟ್ಯೂಡರ್. ಹಾಗಾಗಿ ‘ಪಶ್ಚಿಮದ ಯಂತ್ರ ನಮ್ಮಲ್ಲಿಗೆ ಬಂತು’ ಅನ್ನೋದು ಅರ್ಧ ಕಥೆ ಅಷ್ಟೇ.

ಈಗ ನನ್ನ ತಪ್ಪು. ನಮ್ಮ ಕಾಕಾ ಊರಿನ ಭಜನಿ ಮಂಡಳಿಗೆ ಮೈಕು, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದವರು. ಎರಡು ಹಳೇ ಸ್ಪೂಲ್ ರೆಕಾರ್ಡರ್ ಪಕ್ಕಪಕ್ಕ ಇಟ್ಟು, ಒಂದೇ ಟೇಪನ್ನು ಎರಡರಲ್ಲೂ ಹಾಯಿಸಿ, ಮೊದಲನೆಯದು ಮುದ್ರಿಸಿದ್ದನ್ನು ಎರಡನೆಯದು ಒಂದೆರಡು ಸೆಕೆಂಡು ತಡವಾಗಿ ನುಡಿಸುವಂತೆ ಮಾಡಿದ್ದರು. ದಪ್ಪು, ತಾಳ, ಹಾಡು ಒಂದರ ಮೇಲೊಂದು ತೆರೆಯಂತೆ ಬರುವ ಒಂದು ಕ್ಯಾಸೆಟ್ ಉಳಿದಿದೆ. 1960ರ ದಶಕದಲ್ಲಿ ಪಾಲಿನ್ ಒಲಿವೆರೋಸ್, ಟೆರ್ರಿ ರೈಲಿ ಬಳಸಿದ ಉಪಾಯವೇ ಇದು. ನನಗೆ ಖುಷಿ ತಡೆಯಲಿಲ್ಲ. ಫೈಲಿಗೆ ‘ಅಕ್ಕಲಕೋಟೆಯ ಒಲಿವೆರೋಸ್: ಪ್ರಾಯೋಗಿಕ ಸಂಗೀತ’ ಅಂತ ಹೆಸರು ಬರೆದು ಆಮೇಲೆ ಕಾಕಾಗೆ ತೋರಿಸಿದೆ.

ಕಾಕಾ ನಕ್ಕರು. “ಪ್ರಯೋಗ ಅಲ್ಲೋ ತಮ್ಮಾ ಅದು. ಎಕೋ ಮಶೀನ್ ತರಾಕ ರೊಕ್ಕ ಇರಲಿಲ್ಲ.” ಆಮೇಲೆ ತಡೆದು ಅಂದರು, “ಆದ್ರ ಆ ತಡಕ್ಕ ಹೊಂದೂ ಹಂಗ ಹಾಡೂದು ನಾವೇ ಕಲ್ತಿವಿ. ಅದನ್ನ ಬರಿ.”

ಬರೆಯಬೇಕಾದದ್ದು ಅದೇ ಆಗಿತ್ತು. ನಾನು ಕೇಳೇ ಇರಲಿಲ್ಲ. ಸೊಲ್ಲಾಪುರದ ಕನ್ನಡಿಗರಾದ ನಮ್ಮನ್ನು ಬೆಂಗಳೂರಿನಿಂದ ಅಳೆದರೆ ಗಡಿನಾಡು, ಮುಂಬೈಯಿಂದ ಅಳೆದರೂ ಅಂಚು. ಯಾರಾದರೂ ‘ನೀವೂ ಇದ್ದೀರಲ್ಲ’ ಅಂದರೆ ಸಾಕು, ಅವರು ಕೊಟ್ಟ ಹೆಸರನ್ನೇ ಹೊದ್ದುಕೊಂಡು ಬಿಡುತ್ತೇವೆ. ಈ ಸಲ ಹೊರಗಿನವರೂ ಬೇಕಾಗಲಿಲ್ಲ. ಕಾಕಾನ ಹೊಟ್ಟೆಗೆ ಹುಟ್ಟಿದವನಂತೆ ಬೆಳೆದ ನಾನೇ ಆ ಕೆಲಸ ಮಾಡಿದೆ.

ಪ್ರಶ್ನೆ (ಕಾಸರಗೋಡಿನಿಂದ): ಹುಡುಕಿದವರು ಇಲ್ಲದಿದ್ದರೆ ನಾವು ಇದನ್ನೆಲ್ಲ ಕೇಳುತ್ತಲೇ ಇರಲಿಲ್ಲ, ಅಲ್ಲವಾ?

ಉತ್ತರ: ಖರೆ ಅದ ಮೇಡಮ್. ಬೌಮನ್, ಪರ್ಗಾಸ್ ಇಬ್ಬರ ಋಣವೂ ನನ್ನ ಮೇಲಿದೆ. ನನ್ನ ಕೋರಿಕೆ ಸಣ್ಣದು. ನಾವು ಮಾಡುತ್ತಿರುವ ಧ್ವನಿಸಂಗ್ರಹದಲ್ಲಿ ಮಾಡಿದವರು ತಮ್ಮ ಕೆಲಸವನ್ನು ಏನೆಂದು ಕರೆದರೋ ಆ ಮಾತು ಮೊದಲ ಸಾಲಿನಲ್ಲಿ ಇರಲಿ. ನಮ್ಮ ಹೋಲಿಕೆಗಳು ಎರಡನೇ ಸಾಲಿಗೆ ಬರಲಿ. ನನ್ನ ಫೈಲಿನ ಹೆಸರು ಬದಲಿಸಿದ್ದೇನೆ. ಈಗ ಅಲ್ಲಿ ಇಷ್ಟೇ ಇದೆ: ‘ಭಜನಿ, ಎರಡು ರೆಕಾರ್ಡರ್, ಕಾಕಾನ ಎಕೋ.’